ಕ್ಲಚ್ ಪೆಡಲ್ ಏಕೆ ಬಿಗಿಯಾಗುತ್ತದೆ?

ಹಳೆಯ ಕಾರನ್ನು ಜನಸಂದಣಿಯ ಬೀದಿಯಲ್ಲಿ ನಡೆಸುವವರ ಎಡಗಾಲು ಬೇಗನೆ ಸೋಲುತ್ತದೆ. ಕ್ಲಚ್ ಪೆಡಲನ್ನು ಮತ್ತೆ ಮತ್ತೆ ತುಳಿಯುವುದೇ ಇದಕ್ಕೆ ಕಾರಣ. ಅದನ್ನು ಹಗುರಮಾಡುವ ಬಗೆಯನ್ನು ಶಾಲೆಯಲ್ಲಿ ಕಲಿತ ಸನ್ನೆಕೋಲಿನ ತತ್ತ್ವದಿಂದಲೇ ನಾವು ತಿಳಿಯಬಹುದು.

ಮೊದಲು ಕ್ಲಚ್ಚಿನ ರಚನೆಯನ್ನು ನೋಡೋಣ. ಎಂಜಿನ್ನಿನ ಫ್ಲೈವೀಲಿಗೂ ಪ್ರೆಷರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟ್ ಇರುತ್ತದೆ. ಬಲವಾದ ಸ್ಪ್ರಿಂಗ್ ಇವನ್ನು ಒತ್ತಿ ಹಿಡಿಯುವುದರಿಂದಲೇ ಎಂಜಿನ್ನಿನ ಶಕ್ತಿ ಗೇರುಪೆಟ್ಟಿಗೆಯನ್ನು ಸೇರುತ್ತದೆ. ಪೆಡಲನ್ನು ತುಳಿದಾಗ ನಾವು ಆ ಸ್ಪ್ರಿಂಗಿನ ವಿರುದ್ಧ ಕೆಲಸ ಮಾಡಿ ಪ್ಲೇಟನ್ನು ಬಿಡಿಸುತ್ತೇವೆ. ಸ್ಪ್ರಿಂಗನ್ನೇ ದುರ್ಬಲಗೊಳಿಸಿದರೆ ಪೆಡಲೇನೋ ಹಗುರಾದೀತು. ಆದರೆ ಏರುದಾರಿಯಲ್ಲಿ ಪ್ಲೇಟ್ ಜಾರಿ, ಕಾದು, ಸುಟ್ಟುಹೋದೀತು.

ಸನ್ನೆಯ ತೋಳನ್ನು ಉದ್ದಮಾಡಿದರೆ? ಲೆಕ್ಕ ಹಾಕೋಣ. ಪೆಡಲಿನ ತೋಳು ಬಲವನ್ನು 5 ಪಟ್ಟು, ಕ್ಲಚ್ಚಿನ ಬಳಿಯ ಫೋರ್ಕ್ 2 ಪಟ್ಟು ಹೆಚ್ಚಿಸುವುದೆಂದು ಭಾವಿಸಿದರೆ ಒಟ್ಟು 10 ಪಟ್ಟಾಯಿತು. ರಿಲೀಸ್ ಬೇರಿಂಗಿಗೆ 1000 ನ್ಯೂಟನ್ ಬಲ ಬೇಕಾದಾಗ ಕಾಲಿನ ಬಲ 100 ನ್ಯೂಟನ್ ಸಾಕು. ಆದರೆ ಬೇರಿಂಗ್ 1 ಸೆಂ.ಮೀ. ಸರಿಯಲು ಪೆಡಲು 10 ಸೆಂ.ಮೀ. ಇಳಿಯಬೇಕು. ಅನುಪಾತವನ್ನು 15ಕ್ಕೆ ಏರಿಸಿದರೆ ಇಳಿತವೂ 15 ಸೆಂ.ಮೀ. ಆಗಬೇಕು. ಅಷ್ಟು ಸ್ಥಳವಿಲ್ಲದಿದ್ದರೆ ಕ್ಲಚ್ ಪೂರ್ತಿ ಬಿಡದೆ, ಗೇರು ಬದಲಿಸುವಾಗ ಹಲ್ಲುಗಳು ಕರಕರನೆ ಉಜ್ಜುತ್ತವೆ.

ಹಾಗಾದರೆ ಹೊಸದರಲ್ಲಿ ಹಗುರವಾಗಿದ್ದ ಪೆಡಲು ಈಗೇಕೆ ಬಿಗಿಯಾಯಿತು? ತೋಳಿನ ಉದ್ದ ಬದಲಾಗಿಲ್ಲ. ಅನೇಕ ವೇಳೆ ಹೆಚ್ಚಿರುವುದು ಘರ್ಷಣೆ. 1983ರಿಂದ 2014ರವರೆಗೆ ನಮ್ಮ ದೇಶದಲ್ಲಿ ತಯಾರಾದ ಮಾರುತಿ 800ರಂತಹ ಕಾರುಗಳಲ್ಲಿ ಪೆಡಲಿನ ಎಳೆತವನ್ನು ಕವಚದೊಳಗಿನ ಉಕ್ಕಿನ ಕೇಬಲ್ ಒಯ್ಯುತ್ತದೆ. ತುಕ್ಕು, ಧೂಳು, ಬಿಚ್ಚಿಕೊಂಡ ಎಳೆಗಳು, ತೀವ್ರವಾದ ತಿರುವು ಇವೆಲ್ಲ ಸೇರಿ ನಮ್ಮ ಬಲದಲ್ಲಿ ನೂರಕ್ಕೆ 30 ಭಾಗವನ್ನು ನುಂಗಿದರೆ, 100ರ ಬದಲು ಸುಮಾರು 143 ನ್ಯೂಟನ್ ಒತ್ತಬೇಕಾಗುತ್ತದೆ.

ಇದನ್ನು ಪರೀಕ್ಷಿಸುವುದು ಸುಲಭ. ಕೇಬಲಿನ ಎರಡು ತುದಿಗಳನ್ನೂ ಕಳಚಿ ಕೈಯಿಂದ ಎಳೆದು ನೋಡಬೇಕು. ಅದು ತಡೆತಡೆದು ಸರಿದರೆ ಹೊಸ ಕೇಬಲನ್ನು ಹಾಕಿ, ತೀವ್ರ ತಿರುವಿಲ್ಲದಂತೆ ಹಾಯಿಸಬೇಕು. ಪೆಡಲಿನ ಕೀಲಿಗೆ ಗ್ರೀಸ್ ಹಚ್ಚಬೇಕು. ಕ್ಲಚ್ ಪ್ಲೇಟಿಗೆ ಮಾತ್ರ ಅದು ಸೋಕಕೂಡದು.

ಕೇಬಲ್ ಸರಾಗವಾಗಿದ್ದರೂ ಪೆಡಲು ಬಿಗಿಯಾಗಿಯೇ ಉಳಿದರೆ ದೋಷ ಒಳಗಿದೆಯೆಂದು ತಿಳಿಯಬೇಕು. ಡಯಾಫ್ರಂ ಸ್ಪ್ರಿಂಗಿನ ಕ್ಲಚ್ಚಿನಲ್ಲಿ ಪ್ಲೇಟ್ ಸವೆದಂತೆ ಸ್ಪ್ರಿಂಗಿನ ನಿಲುವು ಬದಲಾಗಿ, ಬಿಡಿಸಲು ಬೇಕಾದ ಬಲ ಹೆಚ್ಚುತ್ತದೆ. ಆಗ ತೋಳನ್ನು ಉದ್ದಮಾಡುವುದು ರೋಗವನ್ನು ಮರೆಮಾಡಿದಂತೆ. ಸವೆದ ಪ್ಲೇಟನ್ನು ಬದಲಾಯಿಸುವುದೇ ಸರಿಯಾದ ಪರಿಹಾರ.