ಪ್ರೋಷಧೋಪವಾಸವೂ ವಾಹನದೊಳಗಿನ ಗೂಡೂ

ಅಷ್ಟಮೀ-ಚತುರ್ದಶಿಗಳಂದು ನಾಲ್ಕು ಬಗೆಯ ಆಹಾರವನ್ನೂ ತೊರೆದು, ಅದರ ಹಿಂದಿನ ಹಾಗೂ ಮುಂದಿನ ದಿನ ಒಪ್ಪೊತ್ತಿನ ಊಟ ಮಾಡುವುದು ಪ್ರೋಷಧೋಪವಾಸವೆಂಬುದು ಶ್ರಾವಕರಿಗೆ ತಿಳಿದ ವಿಷಯ. ಆದರೆ ಈ ವ್ರತಕ್ಕೆ ಕುಂದು ತರುವ ಅತಿಚಾರಗಳು ಯಾವುವೆಂದು ಕೇಳಿದರೆ, ಮರೆತು ನೀರು ಕುಡಿಯುವುದು ಮೊದಲಾದುವನ್ನೇ ಹಲವರು ಹೇಳುವರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಎಣಿಸಿರುವ ಐದು ಅತಿಚಾರಗಳಲ್ಲಿ ಆಹಾರದ ಹೆಸರೇ ಇಲ್ಲ. ನೋಡದೆ, ಒರಸದೆ ಮಲಮೂತ್ರಾದಿಗಳನ್ನು ವಿಸರ್ಜಿಸುವುದು, ಅಂತೆಯೇ ವಸ್ತುಗಳನ್ನು ತೆಗೆದುಕೊಳ್ಳುವುದು, ಅಂತೆಯೇ ಹಾಸಿಗೆಯನ್ನು ಹಾಸುವುದು, ವ್ರತದಲ್ಲಿ ಅನಾದರ, ವ್ರತವಿಧಿಯ ಮರೆವು. ಇವೇ ಆ ಐದು. ಮೊದಲಿನ ಮೂರೂ ಕಣ್ಣಿಗೆ ಮತ್ತು ಕೈಗೆ ಸೇರಿದುವು. ಜೀವವಿದೆಯೇ ಎಂದು ಕಣ್ಣಿನಿಂದ ನೋಡುವುದು ಪ್ರತ್ಯವೇಕ್ಷಣ. ಮೃದುವಾದ ಸಾಧನದಿಂದ ಒರಸುವುದು ಪ್ರಮಾರ್ಜನ.

ಹಿಂದಿನ ಶ್ರಾವಕನು ನೋಡಿ ಎತ್ತಿಕೊಳ್ಳಬೇಕಾದುದು ಚಾಪೆ, ಮಣೆ, ಕೊಡಗಳನ್ನು. ಇಂದಿನವನು ಕಾರು, ಸ್ಕೂಟರು, ಟ್ರ್ಯಾಕ್ಟರುಗಳನ್ನೂ ಆ ಸಾಲಿಗೆ ಸೇರಿಸಿಕೊಳ್ಳಬೇಕು.

ದೃಷ್ಟಾಂತ

ಮೂಡುಬಿದಿರೆಯ ಕಡೆಯ ಒಬ್ಬ ಗೃಹಸ್ಥನನ್ನು ಭಾವಿಸೋಣ. ಶ್ರಾವಣದ ಮಳೆ. ಸಪ್ತಮಿಯ ಸಂಜೆ ಕಾರು ಕೊಟ್ಟಿಗೆಯನ್ನು ಸೇರಿತು. ಅಷ್ಟಮಿಯಂದು ಆರಂಭತ್ಯಾಗವಾದ್ದರಿಂದ ಅದು ಕದಲಲಿಲ್ಲ. ನವಮಿಯ ಬೆಳಿಗ್ಗೆ ಬಸದಿಗೆ ಹೋಗಿ ಬಂದು ಪಾರಣೆ ಮಾಡುವ ತವಕದಿಂದ ಅವನು ಕೀಲಿಕೈ ತಿರುಗಿಸುತ್ತಾನೆ. ಒಣಗಿದ, ಬೆಚ್ಚಗಿನ, ಕತ್ತಲಾದ ಇಂಜಿನ್ನಿನ ಎಡೆಯನ್ನು ಆಶ್ರಯಿಸಲು ಇಲಿಗೆ ಆ ಎರಡು ರಾತ್ರಿಗಳೇ ಸಾಕು. ಫ್ಯಾನು ಮತ್ತು ಬೆಲ್ಟು ತಿರುಗಿದ ಕ್ಷಣದಲ್ಲಿ ಒಳಗಿದ್ದ ಜೀವದ ಗತಿ ಏನಾಗುವುದೆಂದು ಹೇಳಬೇಕಾಗಿಲ್ಲ. ಆಹಾರವನ್ನು ತೊರೆದುದು ಸತ್ಯ. ನೋಡದೆ ಕೈಯಿಟ್ಟುದೂ ಸತ್ಯ. ಪಾರಣೆಯ ಮೊದಲೇ ವ್ರತಕ್ಕೆ ಕಲೆ ತಗುಲಿತು.

ಪ್ರಾಣಿಯ ಸ್ವಭಾವ

ಇಲಿಯು ಸಂಜ್ಞಿ ಪಂಚೇಂದ್ರಿಯ ಜೀವ, ಹತ್ತು ಪ್ರಾಣಗಳುಳ್ಳದ್ದು. ಅದರ ಬಾಚಿಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಿರುತ್ತವೆ. ಕಡಿದು ಸವೆಸುವುದು ಅದಕ್ಕೆ ಸಹಜ. ಮನೆಯ ಸುಂಡಿಲಿ ಸುಮಾರು 3 ವಾರ ಗರ್ಭ ಧರಿಸುತ್ತದೆ. ಮರಿಗಳು ಬೆತ್ತಲೆಯಾಗಿ, ಕುರುಡಾಗಿ ಹುಟ್ಟುತ್ತವೆ. ಸುಮಾರು 14 ದಿನಗಳಿಗೆ ಕಣ್ಣು ಬಿಡುತ್ತವೆ. 3-4 ವಾರಗಳಲ್ಲಿ ತಾಯಿಯ ಹಾಲು ಬಿಟ್ಟು ಸ್ವತಂತ್ರವಾಗುತ್ತವೆ. ಅಳಿಲು, ಬೆಕ್ಕುಗಳೂ ಇಂಜಿನ್ನಿನ ಬಿಸುಪನ್ನು ಅರಸಿ ಬರುವುದುಂಟು.

ಯಾವ ಬಗೆಯ ಹಿಂಸೆ?

ಕಡಿದ ತಂತಿಯಿಂದ ಕಿಡಿ ಹಾರಬಹುದು, ಇಂಧನದ ಕೊಳವೆ ಸೋರಿ ಬೆಂಕಿ ಹತ್ತಬಹುದು; ಆದ್ದರಿಂದ ವಿಷವಿಡುವುದು ವಿರೋಧೀ ಹಿಂಸೆಯಾಗಿ ಗೃಹಸ್ಥನಿಗೆ ಕ್ಷಮ್ಯವಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಅಪಾಯವು ನಿಜ, ವಾದವು ನಿಲ್ಲದು. ಆಕ್ರಮಿಸಿ ಬಂದವನನ್ನು ಅನ್ಯೋಪಾಯವಿಲ್ಲದೆ ತಡೆಯುವುದು ವಿರೋಧೀ ಹಿಂಸೆ. ಇಲಿಗೆ ಕೆಡುಕಿನ ಸಂಕಲ್ಪವಿಲ್ಲ. ಗೃಹಸ್ಥನಿಗೆ ಉಪಾಯಗಳು ಬರಿದಾಗಿಲ್ಲ. ಕೊಲ್ಲಬೇಕೆಂದೇ ಇಟ್ಟ ವಿಷವು ಸಂಕಲ್ಪೀ ಹಿಂಸೆಯೇ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷಗಳು ಇಲಿಯನ್ನು ಹಲವು ದಿನ ನರಳಿಸಿ ಕೊಲ್ಲುತ್ತವೆ; ಅದನ್ನು ತಿಂದ ಗೂಬೆ, ಬೆಕ್ಕುಗಳಿಗೂ ಅಪಾಯ ತರುತ್ತವೆ.

ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬುವು ಅಹಿಂಸಾಣುವ್ರತದ ಅತಿಚಾರಗಳು. ಅಂಟುಹಲಗೆಯಲ್ಲಿ ಬಂಧವೂ ಅನ್ನಪಾನನಿರೋಧವೂ ಒಟ್ಟಿಗಿವೆ. ಬಿಡಿಸಿಕೊಳ್ಳಲು ಹೆಣಗುವ ಪ್ರಾಣಿಗೆ ಚರ್ಮ ಹರಿದು ಗಾಯಗಳೂ ಆಗುತ್ತವೆ. ಬೋನಿನಲ್ಲಿ ಹಿಡಿದು ದೂರ ಬಿಡುವುದೂ ಸಂಪೂರ್ಣ ನಿರ್ದೋಷವಲ್ಲ. ಅಪರಿಚಿತ ಸ್ಥಳದಲ್ಲಿ ಆಹಾರ, ಆಶ್ರಯಗಳು ಕಾಣದೆ ಅದು ಸಾಯಬಹುದು. ಹಿಂದೆ ಉಳಿದ ಮರಿಗಳು ಹಸಿವಿನಿಂದ ಸಾಯುವುವು. ತಾನು ಉಪವಾಸವಿದ್ದು ಪುಣ್ಯ ಬಯಸುವವನು ಇನ್ನೊಂದು ಜೀವಕ್ಕೆ ಬಲವಂತದ ಉಪವಾಸ ಹೇರಿದಂತಾಗುವುದು.

ಯತ್ನಾಚಾರ

ಗೂಡು ಕಟ್ಟದಂತೆ ಮೊದಲೇ ಎಚ್ಚರವಹಿಸುವುದೇ ಉತ್ತಮ ಮಾರ್ಗ. ಪೂಜೆಗೆ ಒಯ್ದ ಅಕ್ಕಿ, ಕೊಬ್ಬರಿಗಳ ಕಾಳು-ಚೂರುಗಳು ಆಸನದ ಕೆಳಗೆ ಉಳಿಯದಂತೆ ಗುಡಿಸಬೇಕು. ವಾಹನದ ಬಳಿ ಹುಲ್ಲು, ಗೋಣಿ, ದವಸಗಳನ್ನು ಒಟ್ಟಬಾರದು. ಗಾಳಿ ಒಳಸೇರುವ ದ್ವಾರಕ್ಕೆ 6 ಮಿಲಿಮೀಟರಿಗಿಂತ ಕಿರಿದಾದ ಕಣ್ಣಿನ ಉಕ್ಕಿನ ಜಾಲರಿಯನ್ನು, ಗಾಳಿಗೆ ತಡೆಯಾಗದಂತೆ, ಮೆಕ್ಯಾನಿಕನಿಂದ ಹಾಕಿಸಬೇಕು. ವ್ರತದ ದಿನಗಳಲ್ಲಿ ಬಾನೆಟ್ಟನ್ನು ಎತ್ತಿಟ್ಟರೆ ಕತ್ತಲೆ ಮತ್ತು ಬಿಸುಪು ಕಡಿಮೆಯಾಗುತ್ತವೆ. ಅಲ್ಲಿ ರಾತ್ರಿಯೆಲ್ಲ ದೀಪವಿಡುವ ರೂಢಿಯೂ ಉಂಟು. ಮಳೆಗಾಲದಲ್ಲಿ ದೀಪಕ್ಕೆ ಮುತ್ತುವ ಪತಂಗಗಳನ್ನು ನೆನೆದರೆ ಅದು ಶ್ರಾವಕನಿಗೆ ಒಪ್ಪುವ ಉಪಾಯವಲ್ಲ. ಸುಗಂಧತೈಲಗಳ ವಾಸನೆ ಬೇಗನೆ ಆರುವುದರಿಂದ ಅದೊಂದನ್ನೇ ನಂಬಲಾಗದು. ಹೊರಡುವ ಮುನ್ನ ಬಾನೆಟ್ಟನ್ನು ತಟ್ಟಿ, ತೆರೆದು, ಹಗಲ ಬೆಳಕಿನಲ್ಲಿ ನೋಡಬೇಕು. ಚಕ್ರಗಳ ಬಳಿಯೂ ಬಗ್ಗಿ ನೋಡಬೇಕು.

ಗೂಡು ಕಂಡಾಗ

ಮರಿಗಳಿದ್ದರೆ ಅವು ತಾವಾಗಿ ಹೊರಡುವವರೆಗೆ ವಾಹನವನ್ನು ಬಳಸದಿರುವುದು ಶ್ರೇಷ್ಠ. ಅನಿವಾರ್ಯವಾದರೆ ಕೈಗವಸು ತೊಟ್ಟು, ಗೂಡನ್ನು ಕೆಡಿಸದೆ ರಟ್ಟಿನ ಪೆಟ್ಟಿಗೆಗೆ ಇಳಿಸಿ, ಸನಿಹದಲ್ಲಿಯೇ ಮಳೆಗೂ ಬೆಕ್ಕಿಗೂ ಎಟುಕದ ಎಡೆಯಲ್ಲಿ, ತಾಯಿಗೆ ದಾರಿಯಿರುವಂತೆ ಇಡಬೇಕು. ತಾಯಿಯು ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿ ಒಯ್ಯುವುದುಂಟು. ಇಲಿಯಾದರೆ ಈ ಕೆಲಸ ಸಂಜೆಗೆ. ಅಳಿಲು ಹಗಲಿನ ಪ್ರಾಣಿಯಾದ್ದರಿಂದ ಬೆಳಿಗ್ಗೆಗೆ. ಬರಿದಾದ ಗೂಡನ್ನು ಒಣದಾಗಿ ಗುಡಿಸದೆ, ಕ್ರಿಮಿನಾಶಕ ದ್ರಾವಣದಿಂದ ನೆನೆಸಿ, ಮೂಗು-ಬಾಯಿ ಮುಚ್ಚಿಕೊಂಡು ತೆಗೆಯಬೇಕು. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ. ಕಡಿದ ತಂತಿಗಳನ್ನು ಪರೀಕ್ಷಿಸಿದ ಬಳಿಕವೇ ವಾಹನವನ್ನು ಚಲಾಯಿಸಬೇಕು.

ದೃಷ್ಟಾಂತದ ಗೃಹಸ್ಥನು ಕೀಲಿಕೈ ತಿರುಗಿಸುವ ಮೊದಲು ಬಾನೆಟ್ಟನ್ನು ಎತ್ತಿದನೆಂದೂ, ಒಳಗೆ ಕಣ್ಣು ಬಿಡದ ಮರಿಗಳನ್ನು ಕಂಡನೆಂದೂ ಇಟ್ಟುಕೊಳ್ಳೋಣ. ಆ ಬೆಳಿಗ್ಗೆ ಅವನು ಕೊಡೆ ಹಿಡಿದು ಬಸದಿಗೆ ನಡೆಯುವನು, ಪಾರಣೆಯು ತಡವಾಗುವುದು. ಹಸಿವು ಇನ್ನೊಂದು ಗಳಿಗೆ ಬೆಳೆದರೂ ಅವನ ಉಪವಾಸವು ಆಗ ಪೂರ್ಣವಾಗುವುದು.

ಮನನಕ್ಕೆ

1. ಪ್ರತ್ಯವೇಕ್ಷಣ, ಪ್ರಮಾರ್ಜನಗಳಿಗೆ ಏನು ಭೇದ?
2. ಇಲಿಗೆ ವಿಷವಿಡುವುದು ವಿರೋಧೀ ಹಿಂಸೆ ಏಕಲ್ಲ?
3. ಬೋನಿನಲ್ಲಿ ಹಿಡಿದು ದೂರ ಬಿಡುವುದರಲ್ಲಿ ಯಾವ ಅತಿಚಾರಗಳ ಸಂಭವವಿದೆ?