ಬೇಸಾಯಕ್ಕೆ ಯಾವ ಆ್ಯಪ್? ನಂಬೋ ಮುಂಚೆ ನಾನು ನೋಡೋದು ಇಷ್ಟು

ಹೋದ ವರ್ಷ ಚಿಕ್ಕಪ್ಪನ ಒಂದೂವರೆ ಎಕರೆಯಲ್ಲಿ ಪಾಲಿಗೆ ಟೊಮ್ಯಾಟೊ ಹಾಕಿದ್ದೆ. ಜಮೀನು, ಬೋರ್‌ವೆಲ್ ನೀರು ಅವರದು, ದುಡಿಮೆ ನನ್ನದು, ಖರ್ಚು ಇಬ್ಬರಿಗೂ ಅರ್ಧರ್ಧ. ಸಸಿ, ಮಲ್ಚಿಂಗ್ ಶೀಟ್, ಕಡ್ಡಿ, ದಾರ, ಔಷಧಿ, ಕೂಲಿ, ಗಾಡಿ ಬಾಡಿಗೆ ಎಲ್ಲವನ್ನೂ ಒಂದು ಆ್ಯಪ್‌ನಲ್ಲಿ ಬರೆದಿಡ್ತಿದ್ದೆ. ನೋಡೋಕೆ ಚೆಂದ ಇತ್ತು, ಬಣ್ಣ ಬಣ್ಣದ ಗ್ರಾಫ್ ಬೇರೆ ತೋರಿಸ್ತಿತ್ತು. ಮೂರನೇ ಕೊಯ್ಲಿನ ಹೊತ್ತಿಗೆ ಫೋನ್ ಕೃಷಿ ಹೊಂಡಕ್ಕೆ ಬಿತ್ತು. ಹೊಸ ಫೋನಿಗೆ ಅದೇ ಆ್ಯಪ್ ಹಾಕ್ಕೊಂಡು ಅದೇ ನಂಬರ್ ಕೊಟ್ಟೆ. ಖಾಲಿ! ಲೆಕ್ಕ ಪೂರ್ತಿ ಹಳೇ ಫೋನಿನ ಒಳಗೇ ಇತ್ತು, ಬೇರೆ ಕಡೆ ಉಳಿಸೋಕೆ ದುಡ್ಡು ಕಟ್ಟಬೇಕಿತ್ತು ಅನ್ನೋದು ನನಗೆ ಆಮೇಲೆ ಗೊತ್ತಾಯ್ತು.

"ನೀನು ಹೇಳಿದ್ದೇ ಲೆಕ್ಕ ಬಿಡಪ್ಪ" ಅಂದ್ರು ಚಿಕ್ಕಪ್ಪ. ಆ ಮಾತಲ್ಲಿ ಸಿಟ್ಟು ಇರಲಿಲ್ಲ, ಪೂರ್ತಿ ನಂಬಿಕೆಯೂ ಇರಲಿಲ್ಲ. ಚೀಟಿ ಸಿಗದ ಸುಮಾರು 18 ಸಾವಿರ ರೂಪಾಯಿ ಖರ್ಚನ್ನ ನಾನೇ ಕೈಬಿಟ್ಟೆ. ದುಡ್ಡಿಗಿಂತ, ಎರಡು ತಿಂಗಳು ಅವರ ಮನೆಗೆ ಹೋಗೋಕೆ ಮುಜುಗರ ಆಗ್ತಿತ್ತು.

ಅದಕ್ಕೇ ಈಗ ಯಾವುದೇ ಹೊಸ ಆ್ಯಪ್ ಹಾಕಿದ ತಕ್ಷಣ ಮೊದಲು ಒಂದು ಪರೀಕ್ಷೆ ಮಾಡ್ತೀನಿ. ಐದಾರು ಸುಳ್ಳು ಲೆಕ್ಕ ಬರೆದು, ಅದನ್ನ ಎಕ್ಸೆಲ್ ಅಥವಾ ಪಿಡಿಎಫ್ ಮಾಡಿ ಹೊರಗೆ ತೆಗೆಯೋಕೆ ಆಗುತ್ತಾ ನೋಡ್ತೀನಿ. ಆಗದಿದ್ರೆ ಅವತ್ತೇ ತೆಗೆದುಹಾಕ್ತೀನಿ, ಎಷ್ಟು ಚೆಂದ ಇದ್ರೂ ಸರಿ. ಆಮೇಲೆ ಏರೋಪ್ಲೇನ್ ಮೋಡ್‌ಗೆ ಹಾಕಿ ತೆರೀತೀನಿ. ನಮ್ಮ ತೋಟದಲ್ಲಿ ಬೋರ್ ಹತ್ತಿರ ಬಿಟ್ರೆ ಸಿಗ್ನಲ್ ಇಲ್ಲ, ನೆಟ್ ಇಲ್ಲದೆ ಬರೆಯೋಕೆ ಆಗದ ಪುಸ್ತಕ ನನಗ್ಯಾಕೆ? ಕೊನೆಗೆ, ಅದು ಏನೇನು ಅನುಮತಿ ಕೇಳುತ್ತೆ ಅಂತ ನೋಡಿ. ಗೊಬ್ಬರದ ಲೆಕ್ಕ ಬರೆಯೋ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್ಸ್, ಮೆಸೇಜ್ ಯಾಕೆ ಬೇಕು?

ಈಗ ನಾನು ಲೆಕ್ಕ ಇಡೋದು ಗೂಗಲ್ ಶೀಟ್ಸ್‌ನಲ್ಲಿ. ಅದು ರೈತರಿಗೆ ಅಂತಾನೇ ಮಾಡಿದ್ದಲ್ಲ, ಆದ್ರೂ ಸಾಕು. ತಾರೀಖು, ವಿವರ, ಯಾರು ಕೊಟ್ಟಿದ್ದು, ಎಷ್ಟು: ನಾಲ್ಕೇ ಕಾಲಮ್. ಫೈಲ್ ಪಕ್ಕದ ಮೂರು ಚುಕ್ಕಿ ಒತ್ತಿ ಆಫ್‌ಲೈನ್ ಆನ್ ಮಾಡಿಕೊಂಡ್ರೆ ನೆಟ್ ಇಲ್ಲದಾಗಲೂ ಬರೀಬಹುದು, ಸಿಗ್ನಲ್ ಬಂದಾಗ ತಾನೇ ಸೇರಿಕೊಳ್ಳುತ್ತೆ. ಆದ್ರೆ ಸೇರೋ ತನಕ ಅದು ಫೋನಲ್ಲಿ ಮಾತ್ರ ಇರುತ್ತೆ, ಆದ್ದರಿಂದ ರಾತ್ರಿ ಮನೆಗೆ ಬಂದು ಒಂದ್ಸಲ ತೆರೆದು ನೋಡಿ. ಮೊತ್ತ ಬೇಕಾದ್ರೆ ಅಂಕಿಗಳನ್ನ ಒಟ್ಟಿಗೆ ಸೆಲೆಕ್ಟ್ ಮಾಡಿ, ಕೆಳಗಡೆ ಕೂಡಿದ ಲೆಕ್ಕ ಕಾಣುತ್ತೆ. ಮಂಡಿ ಚೀಟಿ, ಔಷಧಿ ಅಂಗಡಿ ಬಿಲ್ಲಿನ ಫೋಟೋ ತೆಗೆದು ಡ್ರೈವ್‌ನಲ್ಲಿ ಬೇರೆ ಫೋಲ್ಡರ್ ಮಾಡಿ ಇಡ್ತೀನಿ. ಜಿಮೇಲ್ ಪಾಸ್‌ವರ್ಡ್ ಮಾತ್ರ ಮನೇಲಿ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಅದು ಮರೆತುಹೋದ್ರೆ ಹೊಂಡಕ್ಕೆ ಬಿದ್ದಷ್ಟೇ ಕಷ್ಟ.

ಧಾರಣೆಗೆ ಸರ್ಕಾರದ ಕೃಷಿ ಮಾರಾಟ ವಾಹಿನಿ ನೋಡ್ತೀನಿ. ಅಲ್ಲಿ ಕ್ವಿಂಟಾಲ್ ಲೆಕ್ಕ, ಕೋಲಾರದ ಕಡೆ ನಾವು ಮಾರೋದು 15 ಕೆಜಿ ಬಾಕ್ಸ್ ಲೆಕ್ಕ. ಕ್ವಿಂಟಾಲಿಗೆ 2000 ಇದ್ರೆ ಬಾಕ್ಸಿಗೆ 300 ಅಂತ ಲೆಕ್ಕ ಹಾಕ್ಕೊಳ್ಳಿ. ಗರಿಷ್ಠ ಧಾರಣೆ ನೋಡಿ ಖುಷಿಪಡಬೇಡಿ, ಹೆಚ್ಚಿನ ಮಾಲು ಹೋಗಿದ್ದು ಯಾವ ದರಕ್ಕೆ ಅನ್ನೋದು ಮಾದರಿ ಧಾರಣೆಯಲ್ಲಿ ಗೊತ್ತಾಗುತ್ತೆ.

ಹವಾಮಾನಕ್ಕೆ ಮೇಘದೂತ್. ಜಿಲ್ಲಾವಾರು ಬೆಳೆ ಸಲಹೆ ಮಂಗಳವಾರ ಮತ್ತು ಶುಕ್ರವಾರ ಬರುತ್ತೆ, ಕನ್ನಡದಲ್ಲೂ ಇದೆ. ಔಷಧಿ ಹೊಡೆಯೋ ದಿನ ಗೊತ್ತುಮಾಡೋಕೆ ನನಗೆ ಅದು ಸಾಕಾಗಿದೆ. ಸಿಡಿಲಿಗೆ ದಾಮಿನಿ ಅಂತ ಬೇರೆ ಆ್ಯಪ್ ಇದೆ, ದನ ಮೇಯಿಸೋರು ಹಾಕ್ಕೊಳ್ಳಲೇಬೇಕು. ಯಾವ ಸರ್ವೆ ನಂಬರಲ್ಲಿ ನಿಂತಿದ್ದೀವಿ ಅಂತ ತಿಳಿಯೋಕೆ ದಿಶಾಂಕ್ ಒಳ್ಳೇದು. ಆದ್ರೆ ಅದನ್ನ ಹಿಡ್ಕೊಂಡು ಬದು ಜಗಳಕ್ಕೆ ಹೋಗಬೇಡಿ, ಅಳತೆಗೆ ಸರ್ವೆಯರೇ ಬರಬೇಕು.

ಎಲೆ ಫೋಟೋ ತೆಗೆದ್ರೆ ರೋಗ ಹೇಳೋ ಆ್ಯಪ್‌ಗಳ ಮೇಲೆ ನನಗೆ ಅರ್ಧ ನಂಬಿಕೆ. ರೋಗದ ಹೆಸರು ಹುಡುಕೋಕೆ ಸರಿ, ಅದು ತೋರಿಸಿದ ಔಷಧಿಯನ್ನ ನೇರ ತಂದು ಹೊಡೆಯೋದು ತಪ್ಪು. ಟೊಮ್ಯಾಟೊ ಎಲೆ ಮುದುರೋದನ್ನೇ ತಗೊಳ್ಳಿ. ಬಿಳಿ ನೊಣದಿಂದ ಹರಡೋ ವೈರಸ್ ಆಗಿದ್ರೆ ಶಿಲೀಂಧ್ರನಾಶಕ ಹೊಡೆದು ಏನೂ ಪ್ರಯೋಜನ ಇಲ್ಲ, ಆ ಗಿಡಕ್ಕೆ ಔಷಧಿಯೇ ಇಲ್ಲ, ಕಿತ್ತುಹಾಕಿ ನೊಣ ತಡೀಬೇಕು. ಬಿಸಿಲಿಗೆ, ನೀರಿನ ಏರುಪೇರಿಗೂ ಎಲೆ ಮುದುರುತ್ತೆ. ಫೋಟೋಗೆ ಈ ವ್ಯತ್ಯಾಸ ಎಲ್ಲಾ ಸಲ ಸಿಗಲ್ಲ. ಅದೇ ಫೋಟೋ ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ, ಇಲ್ಲಾಂದ್ರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಕೇಳಿ. ದುಡ್ಡು ಖರ್ಚಿಲ್ಲ.

ಈ ಸಲ ಚಿಕ್ಕಪ್ಪನ ಜೊತೆ ಮತ್ತೆ ಪಾಲಿಗೆ ಹಾಕಿದ್ದೀನಿ. ಅವರ ಫೋನಿಗೂ ಶೀಟ್ ಶೇರ್ ಮಾಡಿದೆ. ಕಲಿಸೋಕೆ ಹೋದಾಗ ಮೊದಲು ತಪ್ಪು ಮಾಡಿದ್ದು ನಾನೇ, ಒಂದೇ ಸಂಜೆ ಎಲ್ಲಾ ಹೇಳಿಬಿಟ್ಟೆ. "ನನಗೆ ಇದೆಲ್ಲಾ ಆಗಲ್ಲಪ್ಪ" ಅಂತ ಫೋನ್ ಪಕ್ಕಕ್ಕಿಟ್ರು. ಮಾರನೇ ವಾರ ಹೋಮ್ ಸ್ಕ್ರೀನಲ್ಲಿ ಆ ಶೀಟ್ ಒಂದನ್ನೇ ಇಟ್ಟು, ತೆರೆಯೋದು ಮಾತ್ರ ತೋರಿಸಿದೆ. ಆಮೇಲಿನ ವಾರ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಹೇಳೋದು. "ಕೂಲಿ ಮೂರು ಆಳು" ಅಂದಿದ್ದು ಅಕ್ಷರವಾಗಿ ಬಂದಾಗ ಚಿಕ್ಕಮ್ಮನ್ನ ಕರೆದು ತೋರಿಸಿದ್ರು.

ಮೊನ್ನೆ ಬೆಳಗ್ಗೆ ಆರಕ್ಕೇ ಫೋನ್ ಬಂತು. "ಲೇ, ಶುಕ್ರವಾರ 32 ಬಾಕ್ಸ್ ಅಂತ ಬರ್ದಿದ್ದೀಯ, ಚೀಟಿ ಫೋಟೋದಲ್ಲಿ 23 ಇದೆ. ಯಾವುದು ಸರಿ?"

ಚೀಟೀದೇ ಸರಿ ಇತ್ತು.