ಈರುಳ್ಳಿಯ ಕೂದಲು ಮತ್ತು ತಾಳದ ಲೆಕ್ಕ

ತಾಳ ಹಾಕಲು ಕಣ್ಣು ಬೇಕೋ, ಕಿವಿ ಬೇಕೋ? ಇದೇನು ಸುಲಭದ ಪ್ರಶ್ನೆ ಅಂತೀರಾ? ಒಂದು ಆಟದ ಮೂಲಕ ನೋಡೋಣ ಬನ್ನಿ.

ಆಟದ ಹೆಸರು 'ರಿದಮ್ ತೆಂಗೋಕು'. ಜಪಾನೀ ಭಾಷೆಯಲ್ಲಿ ತೆಂಗೋಕು ಎಂದರೆ ಸ್ವರ್ಗ. ಹಾಗಾಗಿ ಇದನ್ನು 'ತಾಳದ ಸ್ವರ್ಗ' ಅನ್ನಬಹುದು. ನಿಂಟೆಂಡೊ ಕಂಪನಿ ಇದನ್ನು 2006ರ ಆಗಸ್ಟ್‌ನಲ್ಲಿ ಜಪಾನಿನಲ್ಲಿ ಹೊರತಂದಿತು. 'ಗೇಮ್ ಬಾಯ್ ಅಡ್ವಾನ್ಸ್' ಎಂಬ, ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರದಲ್ಲಿ ಇದನ್ನು ಆಡಬೇಕು. ಯೋಚನೆ ಕೊಟ್ಟವರು ಅಲ್ಲಿನ ಹಾಡುಗಾರ, ಸಂಗೀತ ನಿರ್ಮಾಪಕ ತ್ಸುಂಕು. ತಾಳ ಮೊದಲು ಮೈಗೆ ಹತ್ತಬೇಕು ಎಂದು ಆಟ ತಯಾರಿಸುವವರಿಗೇ ನೃತ್ಯದ ಪಾಠ ಮಾಡಿಸಿದರಂತೆ! ಮುಂದೆ ಗಂಟಲಿನ ಕ್ಯಾನ್ಸರ್‌ನಿಂದ ಅವರ ಧ್ವನಿಯೇ ಹೋಯಿತು. ಈ ವಿಷಯವನ್ನು 2015ರಲ್ಲಿ ಅವರೇ ತಿಳಿಸಿದರು. ಆದರೂ ಸಂಗೀತದ ಕೆಲಸ ಬಿಡಲಿಲ್ಲ.

ನನ್ನ ಚಿಕ್ಕಪ್ಪನ ಮಗ ಬೇಸಿಗೆ ರಜಕ್ಕೆ ಬಂದಾಗ ಈ ಹಳೆಯ ಯಂತ್ರ ತಂದಿದ್ದ. ಆಟದಲ್ಲಿ ಬರೆದದ್ದೆಲ್ಲ ಜಪಾನೀ ಲಿಪಿ. ಆದರೂ ಆಡಲು ತೊಂದರೆಯಾಗಲಿಲ್ಲ, ಏಕೆಂದರೆ ಹೆಚ್ಚಿನ ಆಟಗಳಲ್ಲಿ ಒಂದು ಗುಂಡಿ ಒತ್ತೋದು ಅಷ್ಟೆ. ಒಂದು ಆಟದಲ್ಲಿ ಕಣ್ಣು ಬಾಯಿ ಇರುವ ಈರುಳ್ಳಿ ಬರುತ್ತದೆ. ಅದರ ಮುಖದ ಮೇಲೆ ತಾಳಕ್ಕೆ ಸರಿಯಾಗಿ ಒಂದೊಂದೇ ಕೂದಲು ಮೊಳೆಯುತ್ತದೆ. ಮುಂದಿನ ಆವರ್ತದಲ್ಲಿ ನಾವು ಅದೇ ತಾಳದಲ್ಲಿ ಚಿಮಟದಿಂದ ಕೀಳಬೇಕು. ಭಜನೆಯಲ್ಲಿ ಒಬ್ಬರು ಹೇಳಿ ಉಳಿದವರು ತಿರುಗಿ ಹೇಳುವುದಿಲ್ಲವೇ, ಹಾಗೆ. ಇನ್ನೊಂದರಲ್ಲಿ ಕರಾಟೆಯವನ ಕಡೆಗೆ ಹೂಕುಂಡ, ಬಲ್ಬು ಹಾರಿ ಬರುತ್ತವೆ. ಅವನ್ನು ತಾಳ ತಪ್ಪದೆ ಗುದ್ದಬೇಕು.

ಈಗ ಲೆಕ್ಕ. ಹಾಡಿಗೆ ನಿಮಿಷಕ್ಕೆ 120 ಪೆಟ್ಟು ಎಂದುಕೊಳ್ಳಿ. ಪೆಟ್ಟಿಗೂ ಪೆಟ್ಟಿಗೂ ನಡುವೆ ಅರ್ಧ ಸೆಕೆಂಡ್. ಯಂತ್ರದ ಪರದೆಯಲ್ಲಿ ಸೆಕೆಂಡಿಗೆ ಸುಮಾರು 60 ಚಿತ್ರ ಬದಲಾಗುತ್ತವೆ. ಅಂದರೆ ಒಂದು ಪೆಟ್ಟಿನ ಅವಧಿಗೆ 30 ಚಿತ್ರ. ಮನುಷ್ಯ ಏನನ್ನಾದರೂ ಕಂಡು ಬೆರಳು ಒತ್ತಲು ಸುಮಾರು 0.2 ಸೆಕೆಂಡ್ ಬೇಕು, ಕೇಳಿ ಒತ್ತಲು ಸುಮಾರು 0.15 ಸೆಕೆಂಡ್. ಅಷ್ಟರಲ್ಲಿ 12 ಅಥವಾ 9 ಚಿತ್ರ ದಾಟಿ ಹೋಗಿರುತ್ತವೆ! ಕಂಡ ಮೇಲೆ ಒತ್ತಿದರೂ ತಡ, ಕೇಳಿದ ಮೇಲೆ ಒತ್ತಿದರೂ ತಡ.

ನಂಬಿಕೆ ಬರಲಿಲ್ಲವೇ? ನೀವೇ ಮಾಡಿ ನೋಡಿ. ಗೆಳೆಯನೊಬ್ಬ 30 ಸೆಂ.ಮೀ. ಸ್ಕೇಲನ್ನು ನೆಟ್ಟಗೆ ಹಿಡಿದು, ಹೇಳದೆ ಬಿಡಲಿ. ಅದರ ಸೊನ್ನೆಯ ಗುರುತಿನ ಹತ್ತಿರ ಬೆರಳು ತೆರೆದಿಟ್ಟುಕೊಂಡು ನೀವು ಹಿಡಿಯಿರಿ. 20 ಸೆಂ.ಮೀ. ಜಾರಿದ್ದರೆ ನಿಮಗೆ ಹಿಡಿದ ಸಮಯ ಸುಮಾರು 0.2 ಸೆಕೆಂಡ್. ಆಮೇಲೆ ಇಬ್ಬರೂ ಸೇರಿ ಒಂದೇ ಸಮನೆ ಚಪ್ಪಾಳೆ ತಟ್ಟಿ. ನಾಲ್ಕೈದು ಪೆಟ್ಟಿನೊಳಗೆ ಎರಡು ಸದ್ದೂ ಒಂದಾಗುತ್ತವೆ. ಇಲ್ಲಿ ಏಕೆ ತಡವಾಗಲಿಲ್ಲ? ಮನಸ್ಸು ಎರಡು ಪೆಟ್ಟಿನ ನಡುವಿನ ಅಂತರವನ್ನು ಅಳೆದಿಟ್ಟುಕೊಂಡು, ಮುಂದಿನ ಪೆಟ್ಟು ಬರುವ ಮೊದಲೇ ಕೈಗೆ ಅಪ್ಪಣೆ ಕೊಟ್ಟಿರುತ್ತದೆ. ತಾಳವೆಂದರೆ ಕಾಯುವುದಲ್ಲ, ಮುಂಚೆಯೇ ತಿಳಿಯುವುದು. ಆ ಅಂತರವನ್ನು ಅಳೆಯುವುದರಲ್ಲಿ ಕಣ್ಣಿಗಿಂತ ಕಿವಿ ಚುರುಕು.

ಇದಕ್ಕೆ ನನ್ನ ಕಣ್ಣಾರೆ ಕಂಡ ಸಾಕ್ಷಿ ಇದೆ. ನಮ್ಮ ತರಗತಿಯ ಗೆಳೆಯನೊಬ್ಬನಿಗೆ ದೃಷ್ಟಿ ಬಹಳ ಮಂದ. ಚೆಂಡು ಕಾಣದು ಎಂದು ಅವನನ್ನು ಯಾವ ಆಟಕ್ಕೂ ಯಾರೂ ಕರೆಯುವುದಿಲ್ಲ. ಅವನು ಯಂತ್ರವನ್ನು ಕಿವಿಯ ಹತ್ತಿರ ಹಿಡಿದು, ತಲೆ ತಗ್ಗಿಸಿ, ಕಾಲ್ಬೆರಳಲ್ಲಿ ಎಣಿಸುತ್ತಾ ಆಡಿದ. ಈ ಆಟ ಕೊನೆಗೆ ಮೂರರಲ್ಲಿ ಒಂದು ತೀರ್ಪು ಕೊಡುತ್ತದೆ: ಮತ್ತೆ ಮಾಡು, ಸಾಧಾರಣ, ಉತ್ತಮ. ನಮಗೆಲ್ಲ ಸಾಧಾರಣ ಬಂದ ಕರಾಟೆಯಲ್ಲಿ ಅವನಿಗೆ ಎರಡನೇ ಸಲಕ್ಕೇ ಉತ್ತಮ ಬಂತು. "ನೀವು ಕುಂಡ ನೋಡ್ತೀರಿ ಕಣ್ರೋ, ನಾನು ಹಾಡು ಕೇಳ್ತೀನಿ" ಅಂದ.

ಆಗಸ್ಟ್ 15ರ ಕವಾಯತಿಗೆ ಡ್ರಮ್ ಬಾರಿಸುವವರ ಆಯ್ಕೆ ಇನ್ನೂ ಆಗಿಲ್ಲ. ದೈಹಿಕ ಶಿಕ್ಷಣದ ಸರ್ ಇದನ್ನು ಓದಿದರೆ ನನ್ನದೊಂದು ವಿನಂತಿ. ಸರ್, ಆಯ್ಕೆಯ ದಿನ ನಮ್ಮೆಲ್ಲರ ಕಣ್ಣಿಗೂ ಬಟ್ಟೆ ಕಟ್ಟಿ ಬಾರಿಸಲು ಹೇಳಿ. ಯಾರ ಕೈ ತಾಳ ತಪ್ಪುವುದಿಲ್ಲವೋ ಅವರಿಗೇ ಡ್ರಮ್ ಕೊಡಿ.